ಪೆಟ್ಟಿಗೆಯ ಬಾಯಲ್ಲಿ

ಮತಪತ್ರದಲ್ಲಿದ್ದುದು ಎರಡೇ ಹೆಸರು. ಬೇಕಾದವರ ಹೆಸರಿನ ಮುಂದೆ ಒಂದು ಎಂಬ ಅಂಕಿ ಬರೆದರೆ ಅವರಿಗೆ ಮತ. ಪೆನ್ಸಿಲ್ ಹಿಡಿದ ಮೇವಿಸ್‌ಳ ಕೈ ತನ್ನದೇ ಪಕ್ಷದ ಕಾಲಿನ್ ಥ್ರೆಲ್ಫಾಲ್‌ನ ಹೆಸರಿನೆದುರು ನಿಂತುಬಿಟ್ಟಿತ್ತು. ಹುಟ್ಟಿದಾರಭ್ಯ ಅವಳ ಮನೆಯ ಮತವೆಲ್ಲ ಆ ಪಕ್ಷಕ್ಕೇ. ಆದರೆ ಇದೇ ಕಾಲಿನ್ ಪಕ್ಷದ ಕಚೇರಿಯಲ್ಲಿ ಅವಳ ಮಗಳು ಬ್ರಾನ್ವೆನ್‌ಳ ಮೈಮೇಲೆ ಕೈ ಹಾಕಿದ್ದ. ದೂರು ಕೊಟ್ಟರೆ ಪಕ್ಷದ ಹಿರಿಯರು "ಚುನಾವಣೆ ಮುಗೀಲಿ" ಎಂದು ಬಾಯಿ ಮುಚ್ಚಿಸಿದ್ದರು.

ಇನ್ನೊಬ್ಬ ಗೆದ್ದರೆ ಊರಿನ ಡಯಾಲಿಸಿಸ್ ವಿಭಾಗ ಮುಚ್ಚುತ್ತಾನೆ. ಅವನೇ ಸಾರಿ ಹೇಳಿದ್ದ. ಗಂಡ ಡೆಸ್ಮಂಡ್‌ನ ಜೀವ ನಿಂತಿದ್ದುದೇ ಅಲ್ಲಿನ ಯಂತ್ರದ ಮೇಲೆ. ಮುಂದಿನ ಆಸ್ಪತ್ರೆಗೆ ಅರ್ಧ ದಿನದ ದಾರಿ, ಅಷ್ಟು ಅಲೆದಾಟ ತಡೆಯುವ ದೇಹವಲ್ಲ ಅವನದು. ಗಂಡನನ್ನು ನೆನೆದರೆ ಕೈ ಮುಂದಾಗುತ್ತಿತ್ತು, ಮಗಳನ್ನು ನೆನೆದರೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಏನೂ ಬರೆಯದೆ ಮಡಚಿ, "ಡೆಸ್, ಕ್ಷಮಿಸೋ" ಎಂದುಕೊಂಡು ಮತ ಬರೆಯುವ ರಟ್ಟಿನ ಮರೆಯಿಂದ ಹೊರಬಂದಳು.

ಪೆಟ್ಟಿಗೆಯ ಬಾಯಿಗೆ ಚೀಟಿ ತೂರಿಸುವಾಗ ಬ್ರಾನ್ವೆನ್ ಪಕ್ಕಕ್ಕೆ ಬಂದಳು. ಅವಳದು ಆಗಲೇ ಹಾಕಿ ಆಗಿತ್ತು. ಮುಖ ಬಿಳಿಚಿಕೊಂಡಿತ್ತು.

"ಅವ್ನಿಗೇ ಹಾಕ್ದೆ ಕಣಮ್ಮ," ಎಂದು ಪಿಸುಗುಟ್ಟಿದಳು. "ಅಪ್ಪ ಉಳೀಬೇಕಲ್ಲ."

"ಅಯ್ಯೋ ಕಂದಾ... ಹೇಗೆ ಮನಸ್ಸು ಬಂತೇ ನಿಂಗೆ?"

"ಅವ್ನ ಹೆಸ್ರು ನೋಡೋಕೂ ಹೇಸಿಗೆಯಾಯ್ತು. ಆದ್ರೂ ಬರ್ದೆ. ನೀನೂ ಹಾಕ್ದೆ ತಾನೆ?"

ಅರ್ಧ ಇಳಿದಿದ್ದ ಚೀಟಿಯನ್ನು ಮೇವಿಸ್ ಹಿಂದಕ್ಕೆಳೆದುಕೊಂಡಳು.

"ಏನಾಯ್ತಮ್ಮಾ?" ಎಂದ ಪೆಟ್ಟಿಗೆ ಕಾಯುತ್ತಿದ್ದವನು.

"ನಂದಿನ್ನೂ ಮುಗಿದಿಲ್ಲಪ್ಪಾ," ಎಂದವಳೇ ರಟ್ಟಿನ ಮರೆಗೆ ಮರಳಿದಳು. ಆ ಹೇಸಿಗೆಯನ್ನು ಮಗಳೊಬ್ಬಳೇ ಹೊರಬಾರದು. ಕಣ್ಣೀರಿಗೆ ಹೆಸರುಗಳು ಕಲಸಿಹೋದವು. ಒರೆಸಿಕೊಂಡು, ಕಾಲಿನ್‌ನ ಹೆಸರನ್ನು ಬೆರಳಿಟ್ಟು ಹುಡುಕಿ, ಅದರ ಮುಂದೆ ಒಂದು ಎಂದು ಬರೆದಳು.