ಉಳಿದದ್ದು ಒಂದೇ ಮಾತು

ಅವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಮಾತೆಲ್ಲ ಅಳಿಸಿಹೋಗಿ, ಬಸ್ಸು ಹೊರಡಿಸಲು ದಿನವಿಡೀ ಕೂಗುತ್ತಿದ್ದ ಪದವೊಂದೇ ನಾಲಿಗೆಯಲ್ಲಿ ಉಳಿಯಿತು: "ರೈಟ್."

ಹಸಿವಾದರೂ ಅದೇ, ಬೆನ್ನು ತುರಿಸಿದರೂ ಅದೇ. ಡಾಕ್ಟರಿಗೂ ಮಗಳಿಗೂ ಏನೂ ತಿಳಿಯುತ್ತಿರಲಿಲ್ಲ. ಹೆಂಡತಿಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು.

"ನಿಂಗೆ ಹೆಂಗಮ್ಮ ಗೊತ್ತಾಗುತ್ತೆ?" ಮಗಳು ಕೇಳಿದಳು.

"ಎಳೆದು ಅಂದ್ರೆ ನೀರು. ಗದರಿದ ಹಾಗೆ ಅಂದ್ರೆ ಸಾರಿಗೆ ಉಪ್ಪು ಕಮ್ಮಿ. ಎರಡು ಸಲ ಅಂದ್ರೆ ಕಿಟಕಿ ತೆಗಿ ಅಂತ."

"ಆಗ್ಲೇ ನಿನ್ನ ಸೆರಗು ಹಿಡ್ಕೊಂಡು ಮೆಲ್ಲಗೆ ಅಂದ್ರಲ್ಲ, ಅದು?"

"ಅದು ನಿಂಗ್ಯಾಕೆ, ಹೋಗೇ," ಎಂದು ತಾಯಿ ಮುಖ ತಿರುಗಿಸಿ ನಕ್ಕಳು.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ, ಯಾರೂ ಎಣಿಸದ ಹಾಗೆ, ಆಕೆಯೇ ಮೊದಲು ಹೋದಳು.

ಮನೆಯ ಮುಂದೆ ಚಟ್ಟ ಸಿದ್ಧವಾಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಗೇಟಿನ ಪಕ್ಕಕ್ಕೆ ತಂದರು.

"ಹೊತ್ತಾಯ್ತು. ಅಪ್ಪನ್ನ ಒಂದು ಮಾತು ಕೇಳ್ಬಿಡಮ್ಮ," ಎಂದರು ಸೋದರಮಾವ.

"ಅವರಿಗೆ ಬರೋದೇ ಒಂದು ಮಾತು, ಮಾವ. ಕೇಳಿ ಏನು ಬಂತು?"

ಆದರೂ ಬಗ್ಗಿ ಕಿವಿಯಲ್ಲಿ ಕೇಳಿದಳು: "ಅಮ್ಮನ್ನ ಕರ್ಕೊಂಡು ಹೋಗೋಣ್ವಾ ಅಪ್ಪಾ?"

ಹೊರುವವರು ಉತ್ತರಕ್ಕೆ ಕಾಯಲಿಲ್ಲ. ಚಟ್ಟ ಹೆಗಲಿಗೇರಿತು, ಮೊದಲ ಹೆಜ್ಜೆಯನ್ನೂ ಇಟ್ಟರು.

ಕುರ್ಚಿಯಲ್ಲಿದ್ದ ಅವರು ಎಡಗೈಯಿಂದ ತಗಡಿನ ಗೇಟನ್ನು ದಬದಬ ಬಡಿದು, ಇಡೀ ಬೀದಿಗೆ ಕೇಳಿಸುವಂತೆ ಕೂಗಿದರು:

"ಹೋಲ್ಡಾನ್!"