ಗಂಡನ ಹೆಸರು

“ಗಂಡನ ಹೆಸರು ಹೇಳ್ರಿ ಬಾಯಿ. ಈ ಊರಾಗ ಅನಸುಬಾಯಿ ಇಬ್ಬರದಾರ,” ಎಂದು ಮತಗಟ್ಟೆಯ ಗುಮಾಸ್ತ ಮತ್ತೊಮ್ಮೆ ಕೇಳಿದ. ಅನಸುಬಾಯಿ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ತಾಯಿ ಕಲಿಸಿದ್ದಳು. ಮದುವೆಯಾದಂದಿನಿಂದ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಹೊಳೆ ದಾಟುವಾಗ ಕಾಗಿಣಾ ತಾಯಿ ಗಂಡನನ್ನು ಎಳೆದುಕೊಂಡಿದ್ದಳು. ಹೆಣ ಸಿಗಲಿಲ್ಲ. ಊರೆಲ್ಲ ಸತ್ತನೆಂದರೂ ಅವಳು ಬಳೆ ಒಡೆಯಗೊಡಲಿಲ್ಲ. ಇಂದು ತಾಲ್ಲೂಕು ಬೋರ್ಡಿನ ಚುನಾವಣೆ. ಹೊಳೆಗೆ ಸೇತುವೆ ತರುತ್ತೇನೆಂದವನಿಗೆ ವೋಟು ಹಾಕಲೆಂದೇ ಬಂದಿದ್ದಳು.

“ಒಡಪು ಹಾಕಿ, ಪದದಾಗ ಗಂಡನ ಹೆಸರು ಸೇರಿಸಿ ಹೇಳವ್ವ, ಸಾಹೇಬ್ರೂ ಕೇಳಲಿ,” ಎಂದು ಸಾಲಿನಲ್ಲಿ ಯಾರೋ ನಕ್ಕರು. ಹಿಂದೆ ನಿಂತಿದ್ದ ನೆರೆಮನೆಯ ಜೈತುನ್ಬೀ, “ನೀ ಬಿಡು ತಂಗಿ, ನಾ ಹೇಳ್ತೀನಿ,” ಎಂದು ಮುಂದೆ ಬಂದಳು.

“ಬ್ಯಾರೇರು ಹೇಳಿದ್ರ ನಡೆಂಗಿಲ್ರಿ. ಅವರೇ ಹೇಳಬೇಕು,” ಎಂದ ಗುಮಾಸ್ತ.

ಹೇಳದಿದ್ದರೆ ವೋಟು ಹೋಗುತ್ತಿತ್ತು. ಹೇಳಿದರೆ, ಕಡಿಮೆಯಾಗಲು ಅವನ ಆಯುಷ್ಯವೇ ಉಳಿದಿಲ್ಲ, ಅವನಿನ್ನು ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ.

“ಅಂಬಾರಾಯ,” ಎಂದಳು ಅನಸುಬಾಯಿ. ಸೆರಗು ಇನ್ನೂ ಬಾಯಿಗೇ ಇತ್ತು.

“ಕೇಳಸಲಿಲ್ಲ. ಜೋರಾಗಿ ಹೇಳ್ರಿ.”

ಅವಳು ತಲೆಯೆತ್ತಿ ಬಾಗಿಲಾಚೆಯ ಬಯಲಿನ ಕಡೆ ನೋಡಿದಳು. ಹೊಲದಲ್ಲಿ ದೂರ ನಿಂತವನನ್ನು ಊಟಕ್ಕೆ ಕರೆಯುವ ಹಾಗೆ, “ಅಂಬಾರಾಯ” ಎಂದು ಕೂಗಿದಳು. ಗಂಡಸರ ಸಾಲಿನವರೂ ಬಾಗಿಲ ಕಡೆ ತಿರುಗಿದರು. ಗುಮಾಸ್ತ ಮತಚೀಟಿ ಹರಿದು ಮುಂದೆ ಹಿಡಿದ.

ಅನಸುಬಾಯಿ ಒಂದು ಗಳಿಗೆ ಹಾಗೆಯೇ ಬಾಗಿಲು ನೋಡುತ್ತ ಕಾದಳು. ಆಮೇಲೆ ಚೀಟಿಗೆ ಕೈ ಚಾಚಿದಳು.