ತೊಂಬತ್ತೇಳು ಡಿಗ್ರಿ

ಎದುರಾಳಿ ಗೋಡೆಯ ಮರೆಯಿಂದ ಹೊರಬಂದ. ಅಮೋಲ್ ಗುರಿ ಹಿಡಿದ. ಅಷ್ಟರಲ್ಲಿ ಕಂಪ್ಯೂಟರಿನ ಪರದೆ ನಿಂತಲ್ಲೇ ನಿಂತಿತು. ಮತ್ತೆ ಓಡುವ ಹೊತ್ತಿಗೆ ಅಮೋಲನ ಆಟಗಾರ ನೆಲಕ್ಕೆ ಬಿದ್ದಿದ್ದ. ಬೆಳಗಿನಿಂದ ಇದು ಒಂಬತ್ತನೆಯ ಸಾವು. ಹಿಂದೆ ಕುಳಿತಿದ್ದ ಅಕ್ಕ ಸಾರಿಕಾ ಅಯ್ಯೋ ಪಾಪ ಎಂದಳು. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಗಿತ್ತು.

"ಅಕ್ಕಾ, ನಾಕ ಗಂಟೇಕ್ಕ ಪುಣೆದವ್ರು ನನ್ನ ಆಟಾ ನೋಡಾವ್ರ ಅದಾರ. ಹಿಂಗಾದ್ರ ಟೀಮಿನ್ಯಾಗ ಯಾರ್ ತಗೋತಾರ?" ಅಮೋಲನಿಗೆ ಅಳುವುದೊಂದು ಬಾಕಿ. ಮಾಡುವುದನ್ನೆಲ್ಲ ಮಾಡಿಯಾಗಿತ್ತು. ಚಿತ್ರದ ಗುಣಮಟ್ಟ ಇಳಿಸಿದ್ದ, ಡ್ರೈವರ್ ಸಾಫ್ಟ್‌ವೇರ್ ಹೊಸದು ಹಾಕಿದ್ದ, ಅಪ್ಪನ ಮೊಬೈಲನ್ನು ಕೂಡ ವೈಫೈಯಿಂದ ಹೊರಗಟ್ಟಿದ್ದ. ಸೆಕೆಂಡಿಗೆ ನೂರಾ ನಲವತ್ತು ಚಿತ್ರ ಓಡಬೇಕಾದ ಆಟ ಹದಿನೆಂಟರಲ್ಲೇ ಏದುಸಿರು ಬಿಡುತ್ತಿತ್ತು. ಅದಕ್ಕೇ ಸೊಲ್ಲಾಪುರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿರುವ ಅಕ್ಕನನ್ನು ರಜೆಯ ದಿನ ಹನ್ನೂರಿನ ಮನೆಗೆ ಕರೆಸಿಕೊಂಡಿದ್ದ.

ಈ ಯಂತ್ರವನ್ನು ಒಂದೊಂದೇ ತಿರುಪು ಬಿಗಿದು ಜೋಡಿಸಿದವಳು ಸಾರಿಕಾಳೇ. ಅಂಥದ್ದೊಂದು ತನಗೆ ಬೇಕೆಂದು ಅಪ್ಪ ಅಮೋಗಸಿದ್ಧನನ್ನು ಎರಡು ವರ್ಷ ಕಾಡಿದ್ದಳು. ಅಕ್ಕಲಕೋಟದ ಗೇಮಿಂಗ್ ಕೆಫೆಯಲ್ಲಿ ಕಾಲೇಜಿನ ಹುಡುಗರಿಗೆಲ್ಲ ಮಣ್ಣು ಮುಕ್ಕಿಸಿದವಳು ಅವಳು. ನಾಳೆ ಗಂಡನ ಮನೆಗೆ ಹೋಗುವವಳಿಗೆ ಆಟದ ಯಂತ್ರ ಯಾಕೆ ಅಂದಿದ್ದ ಅಪ್ಪ, ಮಗ ಬಾಯಿ ತೆರೆದದ್ದೇ ತಡ, ಹೂಂ ಅಂದ. ಅಂದು ಅವಳ ಹೊಟ್ಟೆಯಲ್ಲಿ ಹೊತ್ತಿದ್ದು ಇವತ್ತಿಗೂ ಆರಿರಲಿಲ್ಲ. ತಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯೂ ಇತ್ತು, ಕಿಚ್ಚೂ ಇತ್ತು.

ಯಂತ್ರದ ತಾಪ ತೋರಿಸುವ ಕಿಟಕಿಯನ್ನು ಪರದೆಯ ಮೇಲೆ ತೆರೆದಳು. ತೊಂಬತ್ತೇಳು ಡಿಗ್ರಿ. ರೋಗ ಅಲ್ಲೇ ತಿಳಿಯಿತು. ನೆಟ್ ಕೈಕೊಟ್ಟರೆ ಆಟದೊಳಗಿನ ಎದುರಾಳಿಗಳಷ್ಟೇ ಅಲ್ಲಿಂದಿಲ್ಲಿಗೆ ಕುಪ್ಪಳಿಸುತ್ತಾರೆ. ಯಂತ್ರ ಕಾದರೆ ಅದು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಇಡೀ ಪರದೆಯೇ ತೆವಳುತ್ತದೆ. ಇಷ್ಟೂ ಗೊತ್ತಿಲ್ಲದವನ ಪಾಲಿಗೆ ಇಂಥ ಯಂತ್ರ. ಹೊಟ್ಟೆಯುರಿಯ ಡಿಗ್ರಿ ತೋರಿಸುವ ಕಿಟಕಿಯನ್ನು ಇನ್ನೂ ಯಾರೂ ಮಾಡದಿದ್ದುದು ಸಾರಿಕಾಳ ಪುಣ್ಯ; ಇದ್ದಿದ್ದರೆ ತಮ್ಮ ಆ ಅಂಕಿ ನೋಡಿ ಹೆದರುತ್ತಿದ್ದ.

"ಇದು ನೆಟ್ಟಿಂದ ಪ್ರಾಬ್ಲೆಮ್ ಐತಿ," ಎಂದು ಅವಳು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಮಾಳಿಗೆ ಹತ್ತಿ ನೆಟ್ಟಿನ ಡಿಶ್ ಹಿಡಿದು ನಿಲ್ಲಬೇಕು, ತಾನು ಕರೆಯುವತನಕ ಅಲುಗಾಡಬಾರದು ಎಂದು ಕಳಿಸಿದಳು. ಏಪ್ರಿಲ್ ತಿಂಗಳ ಬಿಸಿಲು. ಅಕ್ಕ ಹೇಳಿದಳೆಂದು ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಆಗ ಮೂರು ದಾಟಿತ್ತು. ನಾಲ್ಕು ಹೊಡೆಯುವತನಕ ಅಲ್ಲೇ ಒಣಗಲಿ, ಪುಣೆಯವರು ತಮ್ಮ ದಾರಿ ಹಿಡಿಯಲಿ ಅಂದುಕೊಂಡಳು.

ಆದರೆ ಕೈ ಸುಮ್ಮನಿರಬೇಕಲ್ಲ. ತಾನು ಜೋಡಿಸಿದ ಯಂತ್ರ ಹೀಗೇಕೆ ಕಾಯುತ್ತಿದೆ ಎಂಬುದು ಅವಳನ್ನು ಕೊರೆಯತೊಡಗಿತು. ಬಂದ್ ಮಾಡಿ, ಬದಿಯ ತಗಡು ಬಿಚ್ಚಿದಳು. ಒಳಗೆಲ್ಲ ಹಳದಿ. ಫ್ಯಾನಿನ ರೆಕ್ಕೆಗಳಲ್ಲಿ, ಅದರ ಕೆಳಗಿನ ಸಂದುಗಳಲ್ಲಿ ಗಟ್ಟಿಯಾಗಿ ಕೂತಿತ್ತು ಭಂಡಾರ. ಮನೆದೇವರು ಬೀರೋಬಾನ ಹೆಸರಿನಲ್ಲಿ ಮನೆಮಂದಿಯೆಲ್ಲ ಹಣೆಗೆ ಹಚ್ಚಿಕೊಳ್ಳುವ ಅದೇ ಅರಿಶಿನಪುಡಿ. ಗಾಳಿಯಾಡಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ.

ಅವ್ವ ಗಂಗುಬಾಯಿ ಬಾಗಿಲಲ್ಲಿ ನಿಂತಿದ್ದಳು. ಕೇಳುವ ಮೊದಲೇ ಒಪ್ಪಿಕೊಂಡಳು. ರವಿವಾರಕ್ಕೊಮ್ಮೆ, ಮಗ ಏಳುವ ಮುಂಚೆ, ಕುರಿಹಟ್ಟಿಯ ಬಾಗಿಲಿಗೆ, ಟ್ರ್ಯಾಕ್ಟರಿಗೆ ಹಾಕಿದಂತೆ ಇದರ ನೆತ್ತಿಯ ಜಾಲರಿಯೊಳಗೂ ಒಂದು ಹಿಡಿ ಸುರಿಯುತ್ತಿದ್ದಳಂತೆ. ದೃಷ್ಟಿ ತಾಗಬಾರದೆಂದು.

"ಯಾರ ದೃಷ್ಟಿ ಅವ್ವಾ?"

ಗಂಗುಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಿಂದ, ಸಾರಿಕಾ. ಮಷಿನ್ ಮನಿಗಿ ಬಂದ ದಿನ ನೀ ಅದನ್ನ ಹೆಂಗ ನೋಡಿದಿ ಅಂತ ನಾ ನೋಡೀನಿ. ಮಗಳಿಗೂ ಒಂದು ಕೊಡಸ್ರಿ ಅಂತ ನಿಮ್ಮಪ್ಪಗ ಹೇಳೂ ಧೈರ್ಯಾ ನನಗ ಆಗಲಿಲ್ಲ. ಭಂಡಾರ ಹಾಕೂದಷ್ಟ ಆತು."

ಸಾರಿಕಾಳಿಗೆ ಸಿಟ್ಟು ಬರಬೇಕಿತ್ತು. ನಾಚಿಕೆ ಬಂತು, ಅದರ ಬೆನ್ನಿಗೇ ಅಳು. ಮೂಗೊರೆಸಿಕೊಂಡು ಬ್ಯಾಗಿನಿಂದ ಬ್ರಷ್ಷು, ಬ್ಲೋವರು ತೆಗೆದಳು. ಅವ್ವ ಮೊಬೈಲಿನ ಟಾರ್ಚ್ ಹಿಡಿದಳು. ಕೆರೆದಷ್ಟೂ ಪುಡಿ ಉದುರಿತು. ಇಬ್ಬರ ಕೈಯೂ ಮೊಣಕೈತನಕ ಹಳದಿಯಾಯಿತು.

ತಗಡು ಮುಚ್ಚಿ ಚಾಲೂ ಮಾಡಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮತ್ತೆ ಕಾಯುತ್ತದೋ ಇಲ್ಲವೋ ನೋಡಲು ಯಾರಾದರೂ ಆಡಲೇಬೇಕು. ಸಾರಿಕಾ ಕುರ್ಚಿ ಎಳೆದು ಮೌಸ್ ಹಿಡಿದಳು. ನೂರಾ ನಲವತ್ತು ಚಿತ್ರ, ಅರವತ್ತೆರಡು ಡಿಗ್ರಿ. ಒಬ್ಬ ಬಿದ್ದ, ಇನ್ನೊಬ್ಬ ಬಿದ್ದ, ಬೆನ್ನ ಹಿಂದಿನಿಂದ ನುಸುಳಿದವನೂ ಬಿದ್ದ. ಗಂಗುಬಾಯಿಗೆ ಆಟ ತಿಳಿಯದು. ಮಗಳ ಕೈ ಮಾತ್ರ ಕಂಡಿತು. ಮಗನ ಹಿಂದೆ ಎಷ್ಟೋ ಸಲ ನಿಂತು ನೋಡಿದ್ದಳು. ಇಂಥ ಕೈ ಕಂಡಿರಲಿಲ್ಲ.

ನಾಲ್ಕು ಹೊಡೆಯುತ್ತ ಬಂತು. ಅಕ್ಕಾ, ಆತೇನ ಎಂದು ಅಮೋಲ್ ಮಾಳಿಗೆಯಿಂದ ಕೂಗಿದ.

ಸಾರಿಕಾ ಏಳಹೋದಳು. ಗಂಗುಬಾಯಿ ಅವಳ ಹೆಗಲೊತ್ತಿ ಕೂರಿಸಿ, ಅಂಗಳಕ್ಕಿಳಿದು ಮೇಲೆ ನೋಡಿದಳು.

"ಇನ್ನಾ ಆಗಿಲ್ಲೋ ತಮ್ಮಾ. ಅಲ್ಲೇ ನಿಂದರು."